ಹಳೇ ಸಿನಿಮಾ, ಹಳೇ ಧಾರಾವಾಹಿ ಈಗಲೂ ನೋಡಿಸಿಕೊಂಡು ಹೋಗುತ್ತವಾ? ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಸಿನಿಮಾ ಅಂದರೆ ನನಗೆ ಪ್ರಾಣ. ಅದು ಗೊತ್ತಿರುವುದರಿಂದ ಗೆಳೆಯರು, ನೆಂಟರು ಮತ್ತೆ ಮತ್ತೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಕೆಲವರಿಗೆ ನಿಜವಾದ ಕುತೂಹಲ. ಇನ್ನು ಕೆಲವರು ದೊಡ್ಡ ಹೆಸರಿನ ಯಾವುದೋ ಚಿತ್ರ ಹಾಕಿಕೊಂಡು, ಇಪ್ಪತ್ತು ನಿಮಿಷಕ್ಕೆ ಸಾಕಾಗಿ ಎದ್ದು ಬಂದವರು. "ಅದರಲ್ಲಿ ಏನಿದೆ ಅಂತ ಅಷ್ಟು ಹೊಗಳುತ್ತಾರೆ?" ಎಂದು ಬೇಜಾರಿನಲ್ಲಿ ಕೇಳುತ್ತಾರೆ. ಇಬ್ಬರಿಗೂ ಹೇಳುವ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ಹಳೇ ಚಿತ್ರಗಳು ನಿಜವಾಗಿಯೂ ಅಷ್ಟು ಚೆನ್ನಾಗಿದ್ದವಾ, ಇಲ್ಲ ಹಳೆಯದು ಅಂತ ಸುಮ್ನೆ ಹೊಗಳುತ್ತೇವಾ?

ಎರಡೂ ಇದೆ. ಆಗಲೂ ಕೆಟ್ಟ ಚಿತ್ರಗಳು ಬೇಕಾದಷ್ಟು ಬಂದವು. ಅವು ಯಾರ ನೆನಪಲ್ಲೂ ಉಳಿಯಲಿಲ್ಲ ಅಷ್ಟೆ. ಜರಡಿ ಹಿಡಿದ ಮೇಲೆ ಉಳಿದ ಕಾಳನ್ನು ನೋಡಿ, ಇಡೀ ರಾಶಿಯೇ ಹೀಗಿತ್ತು ಅಂದುಕೊಳ್ಳುತ್ತೇವೆ.

ಆದರೆ ಈ ಜರಡಿ ನ್ಯಾಯವಾಗಿ ಕೆಲಸ ಮಾಡಿತು ಅಂತಲೂ ಹೇಳಲಾಗದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಒಂದು ಲೆಕ್ಕ ಹೊರತಂದಿತು. ಅಲ್ಲಿ ತಯಾರಾದ ಸುಮಾರು 11 ಸಾವಿರ ಮೂಕಿ ಕಥಾಚಿತ್ರಗಳಲ್ಲಿ ಮೊದಲಿನ ರೂಪದಲ್ಲಿ ಪೂರ್ತಿಯಾಗಿ ಉಳಿದಿರುವುದು ಶೇ 14 ಮಾತ್ರ. ಆಗಿನ ನೈಟ್ರೇಟ್ ಫಿಲ್ಮ್ ಸುಲಭವಾಗಿ ಬೆಂಕಿ ಹಿಡಿಯುತ್ತಿತ್ತು, ಇಟ್ಟಲ್ಲೇ ಕೊಳೆಯುತ್ತಿತ್ತು. ಮಾತಿನ ಚಿತ್ರಗಳು ಬಂದ ಮೇಲೆ ಮೂಕಿ ರೀಲುಗಳನ್ನು ಇಟ್ಟುಕೊಂಡು ಏನು ಮಾಡುವುದು ಎಂದು ಎಸೆದವರೂ ಇದ್ದರು. ಒಳ್ಳೆಯದೂ ಹೋಯಿತು, ಕೆಟ್ಟದ್ದೂ ಹೋಯಿತು.

ಯಾರಾದರೂ "ಹಳೇ ಚಿತ್ರ ಹಿಡಿಸಲಿಲ್ಲ" ಅಂದರೆ ನಾನು ಮೊದಲು ಕೇಳುವುದು ಒಂದೇ ಮಾತು. ಯಾವ ಪ್ರತಿ ನೋಡಿದಿರಿ, ಹೇಗೆ ನೋಡಿದಿರಿ? ನಾನು ಕೇಳಿದ ದೂರುಗಳಲ್ಲಿ ಅರ್ಧಕ್ಕರ್ಧ ಚಿತ್ರದ ಮೇಲಿನ ದೂರೇ ಅಲ್ಲ. ಕೆಟ್ಟ ಪ್ರತಿ, ತಪ್ಪು ವೇಗ, ಕತ್ತರಿಸಿದ ಚೌಕಟ್ಟು, ಕೈಯಲ್ಲಿ ಫೋನು. ಇಷ್ಟನ್ನು ಸರಿ ಮಾಡಿಕೊಂಡು ನೋಡಿದ ಮೇಲೂ ಹಿಡಿಸದಿದ್ದರೆ, ಆಗ ಚಿತ್ರದ ತಪ್ಪಿನ ಬಗ್ಗೆ ಮಾತಾಡೋಣ. ಅಂಥ ತಪ್ಪುಗಳೂ ಇವೆ. ಅವನ್ನು ಮುಚ್ಚಿಡುವ ಆಸೆ ನನಗಿಲ್ಲ.

ಹಳೇ ಸಿನಿಮಾ ಯಾಕೆ ಇಷ್ಟು ನಿಧಾನ?

ಎಲ್ಲರೂ ಕೇಳುವ ಪ್ರಶ್ನೆ ಇದು. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಶಾಟ್‌ಗಳು, ಅಂದರೆ ನಡುವೆ ಕತ್ತರಿಸದೆ ತೋರಿಸುವ ಒಂದೊಂದು ತುಂಡು, ಉದ್ದ ಇದ್ದವು, ಅದು ನಿಜ. 1930ರಿಂದ 1960ರವರೆಗಿನ ಹಾಲಿವುಡ್ ಚಿತ್ರಗಳಲ್ಲಿ ಒಂದು ಶಾಟ್ ಸರಾಸರಿ 8ರಿಂದ 11 ಸೆಕೆಂಡ್ ಇರುತ್ತಿತ್ತು. ಈಗಿನ ಎಷ್ಟೋ ಚಿತ್ರಗಳಲ್ಲಿ ಅದರ ಅರ್ಧವೂ ಇರುವುದಿಲ್ಲ. ಈಗಿನ ವೇಗಕ್ಕೆ ಒಗ್ಗಿದ ಕಣ್ಣಿಗೆ ಮೊದಲ ಹತ್ತು ಹದಿನೈದು ನಿಮಿಷ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಕತ್ತಲ ಕೋಣೆಗೆ ಹೋದಾಗ ಕಣ್ಣು ಹೊಂದಿಕೊಳ್ಳಲು ಸಮಯ ಬೇಕಲ್ವಾ, ಹಾಗೇ ಇದೂ. ಆ ಹದಿನೈದು ನಿಮಿಷ ಕೊಟ್ಟರೆ ಸಾಕು.

ಶಾಟ್ ಉದ್ದ ಇದ್ದ ಮಾತ್ರಕ್ಕೆ ಚಿತ್ರ ನಿಧಾನ ಆಗುವುದಿಲ್ಲ. 1957ರ '12 ಆಂಗ್ರಿ ಮೆನ್' ನೋಡಿ. ಹೆಚ್ಚು ಕಡಿಮೆ ಇಡೀ ಚಿತ್ರ ಒಂದೇ ಕೋಣೆಯಲ್ಲಿ ನಡೆಯುತ್ತದೆ. ಹನ್ನೆರಡು ಜನ ಕೂತು ಮಾತಾಡುತ್ತಾರೆ. 96 ನಿಮಿಷ, ಅಷ್ಟೇ. ನಿರ್ದೇಶಕ ಸಿಡ್ನಿ ಲುಮೆಟ್ ಕ್ಯಾಮೆರಾವನ್ನು ಮೊದಲು ಕಣ್ಣಿಗಿಂತ ಮೇಲೆ ಇಟ್ಟರು. ಆಮೇಲೆ ಕಣ್ಣಿನ ಮಟ್ಟಕ್ಕೆ, ಕೊನೆಯಲ್ಲಿ ಅದಕ್ಕೂ ಕೆಳಗೆ ಇಳಿಸಿದರು. ಲೆನ್ಸ್‌ಗಳನ್ನೂ ಹಾಗೇ ಬದಲಿಸುತ್ತಾ ಹೋದರು. ಹೊತ್ತು ಹೋದಂತೆ ಗೋಡೆಗಳು ಹತ್ತಿರ ಬಂದಂತೆ, ಚಾವಣಿ ತಲೆಯ ಮೇಲೆ ಇಳಿದಂತೆ ಕಾಣುತ್ತದೆ. ಏನು ಮಾಡಿದ್ದಾರೆ ಅಂತ ನಮಗೆ ಗೊತ್ತಾಗುವುದಿಲ್ಲ. ಉಸಿರು ಕಟ್ಟುವುದು ಮಾತ್ರ ಗೊತ್ತಾಗುತ್ತದೆ. ಇದನ್ನು ನನ್ನ ಅಕ್ಕನ ಮಗಳಿಗೆ ತೋರಿಸಿದೆ. ಆಗ ಅವಳಿಗೆ ಹದಿನಾರು ವರ್ಷ. ಕಪ್ಪು-ಬಿಳುಪು ಅಂತ ಮೊದಲು ಮೂಗು ಮುರಿದಳು. ಅರ್ಧ ಗಂಟೆ ಆದ ಮೇಲೆ ಪರದೆಯ ಮೇಲಿನ ಜನರ ಜೊತೆ ಜಗಳಕ್ಕೇ ಇಳಿದಿದ್ದಳು.

ಇನ್ನೊಂದು ನನ್ನದೇ ಅನುಭವ. 1954ರ 'ಸೆವೆನ್ ಸಮುರಾಯ್' ಚಿತ್ರವನ್ನು ನಾನು ಮೊದಲು ನೋಡಿದ್ದು ಕತ್ತರಿಸಿ ಚಿಕ್ಕದು ಮಾಡಿದ ಪ್ರತಿಯಲ್ಲಿ. ಯಾಕೋ ಎಳೆದ ಹಾಗೆ ಅನ್ನಿಸಿತ್ತು. ಎಷ್ಟೋ ವರ್ಷದ ಮೇಲೆ 207 ನಿಮಿಷದ ಪೂರ್ತಿ ಚಿತ್ರ ನೋಡಿದೆ. ಅದು ಬೇಗ ಮುಗಿದಂತಾಯಿತು! ಯಾಕೆಂದರೆ ಆ ಹಳ್ಳಿಯವರು ಯಾರು, ಅವರಿಗೆ ಯಾವುದರ ಭಯ, ಅವರನ್ನು ಕಾಯಲು ಬಂದ ಆ ಏಳು ಯೋಧರು ಒಬ್ಬೊಬ್ಬರೂ ಹೇಗೆ ಎಂದು ತಿಳಿದ ಮೇಲೆ, ಮಳೆಯಲ್ಲಿ ನಡೆಯುವ ಕೊನೆಯ ಕಾಳಗದಲ್ಲಿ ಬೀಳುವ ಪ್ರತಿಯೊಬ್ಬನೂ ನಮಗೆ ಗೊತ್ತಿರುವವನೇ ಆಗಿರುತ್ತಾನೆ.

ಹಾಗಂತ ಹಳೆಯದರಲ್ಲಿ ಸುಮ್ಮನೆ ಎಳೆದ ಚಿತ್ರಗಳೇ ಇಲ್ಲ ಅಂತಲ್ಲ. ಕತೆಗೆ ಬೇಡದ ಹಾಸ್ಯದ ತುಂಡು, ನೆನಪಿಗೆ ಒಂದು, ವಿರಹಕ್ಕೆ ಒಂದು ಅಂತ ಹಾಡು, ಒಂದೇ ಸಂಗತಿಯನ್ನು ಮೂರು ಪಾತ್ರಗಳ ಬಾಯಲ್ಲಿ ಹೇಳಿಸುವುದು. ಇವೆಲ್ಲ ಆಗಲೂ ಎಳೆತವೇ, ಈಗಲೂ ಎಳೆತವೇ.

ಮೂಕಿ ಚಿತ್ರಗಳಲ್ಲಿ ಜನ ಯಾಕೆ ಬೊಂಬೆಗಳ ಥರ ದಡಬಡ ಓಡಾಡುತ್ತಾರೆ?

ಅವರು ಹಾಗೆ ಓಡಾಡಲಿಲ್ಲ. ಆಗ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ 16ರಿಂದ 20 ಚೌಕಟ್ಟುಗಳ (ಫ್ರೇಮ್, ಅಂದರೆ ಬಿಡಿ ಚಿತ್ರಗಳ) ಆಸುಪಾಸಿನಲ್ಲಿ ಚಿತ್ರೀಕರಣ ನಡೆಯುತ್ತಿತ್ತು. ಶಬ್ದ ಬಂದ ಮೇಲೆ 24 ಅಂತ ಗಟ್ಟಿಯಾಯಿತು. ನಿಧಾನಕ್ಕೆ ತೆಗೆದದ್ದನ್ನು 24ರ ವೇಗದಲ್ಲಿ ಓಡಿಸಿದರೆ ಎಲ್ಲರೂ ಕುಪ್ಪಳಿಸುತ್ತಾರೆ. ಹಾಸ್ಯ ಚಿತ್ರಗಳಲ್ಲಿ ಬೇಕೆಂದೇ ವೇಗ ಕೊಟ್ಟ ಜಾಗಗಳೂ ಇವೆ. ಉಳಿದಂತೆ ಸರಿಯಾದ ವೇಗದ ಪ್ರತಿ ಹುಡುಕಿ ನೋಡಿ. ಅದೇ ಜನ ನಮ್ಮ ಹಾಗೇ ನಡೆಯುತ್ತಾರೆ, ನಮ್ಮ ಹಾಗೇ ತಡವರಿಸುತ್ತಾರೆ.

ನಮ್ಮ ಹೊಸ ಟಿ.ವಿ.ಯಲ್ಲಿ ಹಳೇ ಸಿನಿಮಾ ಧಾರಾವಾಹಿ ಥರ ಕಾಣುತ್ತದೆ. ಯಾಕೆ?

ಟಿ.ವಿ. ತಾನೇ ಹೊಸ ಚೌಕಟ್ಟುಗಳನ್ನು ಹುಟ್ಟಿಸಿ ನಡುನಡುವೆ ಸೇರಿಸುತ್ತಿದೆ. ಇದಕ್ಕೆ ಮೋಷನ್ ಸ್ಮೂತಿಂಗ್ ಅನ್ನುತ್ತಾರೆ. ಆಟ ನೋಡುವಾಗ ಪರವಾಗಿಲ್ಲ. ಸಿನಿಮಾಕ್ಕೆ ಅದು ಹಾನಿ. ಸೆಟ್ಟಿಂಗ್ಸ್‌ಗೆ ಹೋಗಿ ಆಫ್ ಮಾಡಿ. ಕೆಲವು ಟಿ.ವಿ.ಗಳಲ್ಲಿ ಫಿಲ್ಮ್‌ಮೇಕರ್ ಮೋಡ್ ಎಂಬ ಗುಂಡಿ ಇರುತ್ತದೆ, ಅದನ್ನು ಒತ್ತಿದರೂ ಆಯಿತು.

ಪರದೆಯ ಎರಡೂ ಬದಿ ಕಪ್ಪು ಪಟ್ಟಿ ಬರುತ್ತದೆ. ಹಿಗ್ಗಿಸಿ ನೋಡಬಹುದಾ?

ದಯವಿಟ್ಟು ಬೇಡ. ಆ ಪಟ್ಟಿ ಏನನ್ನೂ ಮುಚ್ಚಿಲ್ಲ. ಚಿತ್ರ ಇರುವುದೇ ಅಷ್ಟು. 1953ರಲ್ಲಿ ಸಿನಿಮಾಸ್ಕೋಪ್ ಬಂದು ಅಗಲ ಪರದೆ ರೂಢಿಯಾಗುವವರೆಗೆ ಬಹುತೇಕ ಸಿನಿಮಾಗಳ ಚೌಕಟ್ಟು ಚೌಕಕ್ಕೆ ಹತ್ತಿರ ಇತ್ತು. ಟಿ.ವಿ. ಅಂತೂ 1990ರ ದಶಕ ಮುಗಿಯುವವರೆಗೂ ಹೆಚ್ಚಾಗಿ 4:3ರಲ್ಲೇ (ಅಗಲ ನಾಲ್ಕು ಪಾಲು, ಎತ್ತರ ಮೂರು ಪಾಲು) ಇತ್ತು. ಹಿಗ್ಗಿಸಿದರೆ ಮುಖಗಳು ಊದಿಕೊಳ್ಳುತ್ತವೆ. ಅಗಲಕ್ಕೆ ಹೊಂದಿಸಿ ಕತ್ತರಿಸಿದರೆ ತಲೆ, ಕಾಲು ಹೋಗುತ್ತವೆ.

ಕೆಲವು ಸಲ ನಗುವೇ ಕತ್ತರಿಸಿ ಹೋಗುತ್ತದೆ. 'ದಿ ಸಿಂಪ್ಸನ್ಸ್' ಕಾರ್ಟೂನಿನ ಹಳೇ ಕಂತೊಂದರಲ್ಲಿ ಮೂರು ಬೇರೆ ಬೇರೆ ಹೆಸರಿನ ಬಿಯರ್ ತೊಟ್ಟಿಗಳಿವೆ. ಮೇಲಿಂದ ಮೂರಕ್ಕೂ ಬರುವುದು ಒಂದೇ ಕೊಳವೆ. ಹಾಸ್ಯ ಇರುವುದೇ ಆ ಕೊಳವೆಯಲ್ಲಿ. 2019ರಲ್ಲಿ ಸ್ಟ್ರೀಮಿಂಗ್‌ಗೆ ಬಂದಾಗ ಮೇಲ್ಭಾಗ ಕತ್ತರಿಸಿದ್ದರು, ಕೊಳವೆಯೇ ಮಾಯ. ನೋಡುಗರು ಗಲಾಟೆ ಮಾಡಿದ ಮೇಲೆ, 2020ರಲ್ಲಿ ಹಳೇ ಅಳತೆಯಲ್ಲೇ ನೋಡುವ ಅವಕಾಶ ಕೊಟ್ಟರು. ಕೇಳಿದರೆ ಸಿಗುತ್ತದೆ ಅನ್ನುವುದಕ್ಕೆ ಇದೊಂದು ಒಳ್ಳೆಯ ಉದಾಹರಣೆ.

1950ರ ದಶಕದ ಧಾರಾವಾಹಿ ಸ್ಫಟಿಕದ ಹಾಗೆ ಕಾಣುತ್ತದೆ, 1980ರ ದಶಕದ್ದು ಮಸುಕು. ಇದು ಹೇಗೆ?

ಯಾವುದರ ಮೇಲೆ ಚಿತ್ರೀಕರಿಸಿದರು ಅನ್ನುವುದರಲ್ಲಿ ಇದೆ ಗುಟ್ಟು. ಫಿಲ್ಮ್ ಮೇಲೆ ತೆಗೆದಿದ್ದರೆ ಆ ನೆಗೆಟಿವ್‌ನಲ್ಲಿ ಆಗಿನ ಟಿ.ವಿ. ತೋರಿಸಲಾಗದಷ್ಟು ವಿವರ ಅಡಗಿರುತ್ತದೆ. ಈಗ ಹೊಸದಾಗಿ ಸ್ಕ್ಯಾನ್ ಮಾಡಿದರೆ ಎಲ್ಲವೂ ಹೊರಗೆ ಬರುತ್ತದೆ. ವಿಡಿಯೊ ಟೇಪಿನ ಮೇಲೆ ತೆಗೆದದ್ದರಲ್ಲಿ ಆಗ ದಾಖಲಾದಷ್ಟೇ ಗೆರೆಗಳು ಇರುತ್ತವೆ. ಇಲ್ಲದ ವಿವರವನ್ನು ಎಲ್ಲಿಂದ ತರುವುದು?

1951ರಲ್ಲಿ ಶುರುವಾದ 'ಐ ಲವ್ ಲೂಸಿ' ಧಾರಾವಾಹಿಯನ್ನು 35 ಎಂ.ಎಂ. ಫಿಲ್ಮ್ ಮೇಲೆ, ಪ್ರೇಕ್ಷಕರ ಎದುರು, ಮೂರು ಕ್ಯಾಮೆರಾ ಇಟ್ಟು ತೆಗೆದರು. ಅದರ ಬೆಳಕು, ಕ್ಯಾಮೆರಾ ಹೊಂದಿಸಿದವರು ಕಾರ್ಲ್ ಫ್ರಾಯಿಂಡ್. 1927ರ 'ಮೆಟ್ರೊಪೊಲಿಸ್' ಚಿತ್ರದ ಛಾಯಾಗ್ರಾಹಕರಲ್ಲಿ ಅವರೂ ಒಬ್ಬರು. ಮೂಕಿ ಕಾಲದ ಮಹಾ ಛಾಯಾಗ್ರಾಹಕರೊಬ್ಬರ ಕೈ ಒಂದು ಮನೆಮಂದಿಯ ಹಾಸ್ಯ ಧಾರಾವಾಹಿಯಲ್ಲಿದೆ ಅನ್ನುವುದು ನನಗೆ ಈಗಲೂ ಖುಷಿ ಕೊಡುವ ಸಂಗತಿ.

'ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್' (1987–94) ಕತೆ ಬೇರೆ. ಫಿಲ್ಮ್ ಮೇಲೆ ತೆಗೆದು, ಟೇಪಿನ ಮೇಲೆ ಸಂಕಲನ ಮಾಡಿದ್ದರು. 2012ರಿಂದ ಹೈ ಡೆಫಿನಿಷನ್‌ನಲ್ಲಿ ಹೊರತರುವಾಗ ಮೂಲ ನೆಗೆಟಿವ್‌ಗಳಿಗೆ ಹಿಂತಿರುಗಿ, ಏಳು ಸೀಸನ್‌ಗಳನ್ನೂ ಮತ್ತೆ ಮೊದಲಿಂದ ಜೋಡಿಸಬೇಕಾಯಿತು. ಇಂಥ ಕೆಲಸಕ್ಕೆ ತಾಳ್ಮೆಯೂ ಬೇಕು, ದುಡ್ಡೂ ಬೇಕು. ಎಲ್ಲ ಧಾರಾವಾಹಿಗಳಿಗೂ ಆ ಭಾಗ್ಯ ಇರುವುದಿಲ್ಲ.

ಆದರೂ ಮಸುಕಾದ ಚಿತ್ರಕ್ಕೆ ಹೆದರಬೇಡಿ. 'ಫಾಲ್ಟಿ ಟವರ್ಸ್' 1975 ಮತ್ತು 1979ರಲ್ಲಿ ಬಂದದ್ದು, ಒಟ್ಟು 12 ಕಂತು. ಚಿತ್ರ ಸಾಧಾರಣ. ಆದರೆ ಒಂದು ಸುಳ್ಳನ್ನು ಮುಚ್ಚಲು ಇನ್ನೊಂದು, ಅದನ್ನು ಮುಚ್ಚಲು ಮತ್ತೊಂದು ಅಂತ ಗಂಟು ಬಿಗಿಯುತ್ತಾ ಹೋಗುವ ಆ ಬರವಣಿಗೆಗೆ ಮಸುಕು ತಟ್ಟುವುದೇ ಇಲ್ಲ.

ಕೆಲವು ಹಳೇ ಕಾರ್ಯಕ್ರಮಗಳು ಎಷ್ಟು ಹುಡುಕಿದರೂ ಸಿಗುವುದಿಲ್ಲವಲ್ಲ?

ಇಲ್ಲದೇ ಇರಬಹುದು. ಟೇಪು ದುಬಾರಿ. ಒಮ್ಮೆ ಪ್ರಸಾರ ಆದದ್ದನ್ನು ಅಳಿಸಿ ಅದರ ಮೇಲೆ ಬೇರೆಯದನ್ನು ರೆಕಾರ್ಡ್ ಮಾಡುವುದು ಆಗ ಮಾಮೂಲಿ. ಬಿ.ಬಿ.ಸಿ. ಕೂಡ ಹಾಗೆ ಮಾಡಿತು. 'ಡಾಕ್ಟರ್ ಹೂ' ಧಾರಾವಾಹಿಯ 1960ರ ದಶಕದ ಎಷ್ಟೋ ಕಂತುಗಳು ಹಾಗೇ ಹೋದವು. ಹೊರದೇಶಗಳಿಗೆ ಕಳಿಸಿದ್ದ ಫಿಲ್ಮ್ ಪ್ರತಿಗಳಿಂದ ಕೆಲವು ಮರಳಿ ಸಿಕ್ಕವು. ಚಿತ್ರ ಕಳೆದುಹೋದ ಕಂತುಗಳ ಧ್ವನಿ ಮಾತ್ರ ಉಳಿದಿದೆ. ಪ್ರಸಾರವಾಗುವಾಗ ಅಭಿಮಾನಿಗಳು ಮನೆಯಲ್ಲಿ ಕೂತು ರೆಕಾರ್ಡ್ ಮಾಡಿಕೊಂಡಿದ್ದರಿಂದ ಅದಾದರೂ ಸಿಕ್ಕಿತು.

ರಿಸ್ಟೋರ್ ಮಾಡಿದ ಪ್ರತಿಯನ್ನೇ ನೋಡಬೇಕಾ?

ಸಿಕ್ಕರೆ ಖಂಡಿತ ಅದನ್ನೇ ನೋಡಿ. 1955ರ 'ಪಥೇರ್ ಪಾಂಚಾಲಿ' ಚಿತ್ರದ ಮೂಲ ನೆಗೆಟಿವ್ 1993ರಲ್ಲಿ ಲಂಡನ್ನಿನ ಲ್ಯಾಬೊಂದರ ಬೆಂಕಿಗೆ ಸಿಕ್ಕಿತು. ಸುಟ್ಟು ಸುರುಟಿದ ರೀಲುಗಳನ್ನು ಎಸೆಯದೆ ಇಟ್ಟಿದ್ದರು. ಇಪ್ಪತ್ತು ವರ್ಷದ ನಂತರ ಆ ರೀಲುಗಳಿಗೆ ಮತ್ತೆ ತೇವ ಕೊಟ್ಟು, ಅಂಚುಗಳನ್ನು ಕೈಯಿಂದ ತಿದ್ದಿ, ಉಳಿದ ಭಾಗವನ್ನು ಬೇರೆ ಪ್ರತಿಗಳಿಂದ ತುಂಬಿಸಿ, 2015ರಲ್ಲಿ ಹೊಸ ಪ್ರತಿ ತಂದರು. ಗಿರೀಶ ಕಾಸರವಳ್ಳಿ ಅವರ 1977ರ 'ಘಟಶ್ರಾದ್ಧ' ಕೂಡ ಹೀಗೇ ಮರುಜೀವ ಪಡೆದು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಆ ಚಿತ್ರದಲ್ಲಿ ಮಾತು ಕಡಿಮೆ. ಕತ್ತಲು, ಬೆಳಕು, ಒಬ್ಬ ಹುಡುಗನ ನೋಟ, ಇವೇ ಕತೆ ಹೇಳುತ್ತವೆ. ಗೀಚು ಬಿದ್ದ ಪ್ರಿಂಟ್‌ನಲ್ಲಿ ನೋಡಿದವರು ಅರ್ಧ ಮಾತ್ರ ನೋಡಿದ್ದಾರೆ ಎಂದೇ ನಾನು ಹೇಳುವುದು.

'ಮೆಟ್ರೊಪೊಲಿಸ್' ಚಿತ್ರವಂತೂ ಬಿಡುಗಡೆಯಾದ ಕೆಲವೇ ತಿಂಗಳಲ್ಲಿ ಕತ್ತರಿಗೆ ಸಿಕ್ಕಿತ್ತು. 2008ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹೆಚ್ಚು ಕಡಿಮೆ ಪೂರ್ತಿ ಪ್ರತಿ ಸಿಕ್ಕಿ, ಸುಮಾರು 25 ನಿಮಿಷ ಮರಳಿ ಸೇರಿತು. ಸೇರಿಸಿದ ಭಾಗಗಳ ತುಂಬ ಗೀಚುಗಳಿವೆ. ಆದರೂ ಅವು ಬಂದ ಮೇಲೆ ಕತೆಗೆ ತಲೆಬುಡ ಸಿಕ್ಕಿತು. ಅಷ್ಟು ವರ್ಷ ಜನ ಅರೆಬರೆ ಚಿತ್ರ ನೋಡಿ ತೀರ್ಪು ಕೊಟ್ಟಿದ್ದರು.

ಒಂದು ಎಚ್ಚರಿಕೆ ಮಾತ್ರ ಇದೆ. ಪರದೆಯ ಮೇಲೆ ಸಣ್ಣ ಮರಳಿನಂಥ ಚುಕ್ಕಿಗಳು ಕಂಡರೆ ಅದು ಕೊಳೆಯಲ್ಲ, ಫಿಲ್ಮಿನ ಗುಣ. ಅದನ್ನು ಪೂರ್ತಿ ಒರೆಸಿ ತೆಗೆದ ಪ್ರತಿಗಳಲ್ಲಿ ಮುಖಗಳು ಮೇಣದಂತೆ ನುಣುಪಾಗಿ ಕಾಣುತ್ತವೆ.

ಕಪ್ಪು-ಬಿಳುಪು ಚಿತ್ರಕ್ಕೆ ಬಣ್ಣ ಹಾಕಿದ್ದನ್ನು ನೋಡಬಹುದಾ?

ನೋಡಬಹುದು. ಅದು ಮೂಲ ಚಿತ್ರದತ್ತ ಕರೆದೊಯ್ಯುವ ದಾರಿಯಾದರೆ ನನಗೆ ಸಂತೋಷ. ನನ್ನ ಆಯ್ಕೆ ಯಾವಾಗಲೂ ಕಪ್ಪು-ಬಿಳುಪೇ. ಯಾವ ಬಟ್ಟೆ ಹೇಗೆ ಬೂದಾಗಿ ಕಾಣುತ್ತದೆ, ನೆರಳು ಎಲ್ಲಿ ಬೀಳಬೇಕು ಅಂತ ಲೆಕ್ಕ ಹಾಕಿ ತೆಗೆದ ಚಿತ್ರಗಳು ಅವು. ಬಣ್ಣ ಹಚ್ಚಿದಾಗ ಆ ಲೆಕ್ಕ ತಪ್ಪುತ್ತದೆ.

ಹಳೇ ನಟನೆ ನಾಟಕದ ಥರ ಅನ್ನಿಸುತ್ತದಲ್ಲ?

ಕೆಲವು ಚಿತ್ರಗಳಲ್ಲಿ ಹೌದು. ಶಬ್ದ ಬಂದ ಹೊಸದರಲ್ಲಿ ಮೈಕನ್ನು ಅಡಗಿಸಿಟ್ಟು, ಸದ್ದು ಮಾಡುವ ಕ್ಯಾಮೆರಾವನ್ನು ಗೂಡಿನೊಳಗೆ ಕೂರಿಸಿ ಚಿತ್ರೀಕರಿಸುತ್ತಿದ್ದರು. ನಟರು ನಿಂತ ಜಾಗದಿಂದ ಅಲುಗಾಡುವಂತಿರಲಿಲ್ಲ. ಅದಕ್ಕೇ 1927–28ರ ಎಷ್ಟೋ ಮೂಕಿ ಚಿತ್ರಗಳು 1929ರ ಮಾತಿನ ಚಿತ್ರಗಳಿಗಿಂತ ಈಗ ಹೆಚ್ಚು ಹೊಸದಾಗಿ ಕಾಣುತ್ತವೆ.

ನಂಬಿಕೆ ಬರದಿದ್ದರೆ 1928ರ 'ದಿ ಪ್ಯಾಷನ್ ಆಫ್ ಜೋನ್ ಆಫ್ ಆರ್ಕ್' ನೋಡಿ. ಮೇಕಪ್ ಇಲ್ಲದ ಮುಖಗಳು, ತೀರಾ ಹತ್ತಿರದಿಂದ. ಜೋನ್ ಪಾತ್ರ ಮಾಡಿದ ಫಾಲ್ಕೊನೆಟ್ಟಿಯ ಕಣ್ಣಲ್ಲಿ ಭಯ ಹುಟ್ಟಿ, ಅದು ಹಟವಾಗಿ, ಹಟ ಅಳುವಾಗುವುದನ್ನು ನೋಡುವಾಗ ನಾಟಕ ಅನ್ನುವ ಮಾತು ನೆನಪಿಗೇ ಬರುವುದಿಲ್ಲ. ಇದರ ಮೂಲ ನೆಗೆಟಿವ್ ಬೆಂಕಿಗೆ ಹೋಗಿತ್ತು. 1981ರಲ್ಲಿ ಓಸ್ಲೋ ನಗರದ ಹತ್ತಿರದ ಮಾನಸಿಕ ಆಸ್ಪತ್ರೆಯೊಂದರಲ್ಲಿ ಹಳೇ ಪ್ರಿಂಟ್ ಒಂದು ಸಿಕ್ಕಿದ್ದರಿಂದ ನಮಗೆ ಈಗ ಅದನ್ನು ನೋಡಲು ಸಾಧ್ಯವಾಗಿದೆ.

ಹಳೇ ಗ್ರಾಫಿಕ್ಸ್ ನೋಡಿದರೆ ನಗು ಬರುತ್ತದೆ. ಅದಕ್ಕೇನು ಮಾಡುವುದು?

ನಗು ಬಂದರೆ ನಗಿ. ಆದರೆ ಒಂದು ಗಮನಿಸಿ. ಕಂಪ್ಯೂಟರ್‌ಗೂ ಮೊದಲಿನ ಕೈಕೆಲಸಕ್ಕಿಂತ, ಕಂಪ್ಯೂಟರ್ ಬಂದ ಹೊಸದರ ಕೆಲಸವೇ ಬೇಗ ಹಳತಾಗಿದೆ. 1926ರ 'ದಿ ಜನರಲ್' ಚಿತ್ರದಲ್ಲಿ ಸೇತುವೆಯಿಂದ ನದಿಗೆ ಬೀಳುವುದು ನಿಜವಾದ ರೈಲು ಎಂಜಿನ್. ಆ ಭಾರ ಈಗಲೂ ಎದೆಗೆ ತಾಕುತ್ತದೆ. 'ಜಾಸ್' (1975) ಚಿತ್ರದ ಯಾಂತ್ರಿಕ ಶಾರ್ಕ್ ಸಮುದ್ರದ ನೀರಲ್ಲಿ ಪದೇ ಪದೇ ಕೈಕೊಟ್ಟಿತು. ಅದಕ್ಕೇ ಸ್ಪಿಲ್‌ಬರ್ಗ್ ಅದನ್ನು ಆದಷ್ಟು ತೋರಿಸದೆ, ನೀರು ಮತ್ತು ಸಂಗೀತದಿಂದಲೇ ಹೆದರಿಸಿದರು. ಕಾಣದ್ದು ಹಳತಾಗುವುದು ಹೇಗೆ? 1993ರ 'ಜುರಾಸಿಕ್ ಪಾರ್ಕ್'ನಲ್ಲೂ ನಿಜವಾಗಿ ಕಟ್ಟಿದ ಯಾಂತ್ರಿಕ ಡೈನೋಸಾರ್‌ಗಳ ಪಾಲು ದೊಡ್ಡದು. ಕಂಪ್ಯೂಟರ್ ಚಿತ್ರಗಳು ಕೆಲವೇ ನಿಮಿಷ. ಹಾಗಾಗಿ ಅದು ಅದರ ನಂತರದ ಎಷ್ಟೋ ಚಿತ್ರಗಳಿಗಿಂತ ಗಟ್ಟಿಯಾಗಿ ನಿಂತಿದೆ.

ಹಳೇ ಹಾಸ್ಯ ಧಾರಾವಾಹಿಗಳಲ್ಲಿ ಹಿಂದೆ ಕೇಳುವ ನಗು ಕಿರಿಕಿರಿ ಆಗುತ್ತದೆ.

ನನಗೂ ಆಗುತ್ತದೆ. ಎರಡು ಬಗೆ ಇದೆ. ಪ್ರೇಕ್ಷಕರ ಎದುರು ತೆಗೆದಾಗ ಕೇಳುವ ನಗುವಿನಲ್ಲಿ ಜೀವ ಇರುತ್ತದೆ, ನಟರು ಅದಕ್ಕಾಗಿ ಒಂದು ಕ್ಷಣ ನಿಲ್ಲುತ್ತಾರೆ. ಯಂತ್ರದಿಂದ ಸೇರಿಸಿದ ನಗು ಬೇರೆ. ಅದು ಎಲ್ಲ ಮಾತಿಗೂ ಒಂದೇ ಥರ ನಗುತ್ತದೆ. ಯುದ್ಧಭೂಮಿಯ ಆಸ್ಪತ್ರೆಯ ಕತೆ ಹೇಳುವ 'ಮ್ಯಾಶ್' (1972–83) ಧಾರಾವಾಹಿಯ ತಯಾರಕರಿಗೇ ಅದು ಬೇಡವಾಗಿತ್ತು. ಚಾನೆಲ್ ಒಪ್ಪಲಿಲ್ಲ. ಕೊನೆಗೆ ಶಸ್ತ್ರಚಿಕಿತ್ಸೆಯ ದೃಶ್ಯಗಳಲ್ಲಾದರೂ ನಗು ಇಲ್ಲದಂತೆ ನೋಡಿಕೊಂಡರು. ಅದರ ಡಿ.ವಿ.ಡಿ.ಯಲ್ಲಿ ನಗುವನ್ನು ಆಫ್ ಮಾಡುವ ಸೌಲಭ್ಯವಿದೆ. ಹಾಗೆ ನೋಡಿದರೆ ಅದೇ ಧಾರಾವಾಹಿ ಎಷ್ಟು ಗಂಭೀರ ಅಂತ ಗೊತ್ತಾಗುತ್ತದೆ.

ಹೆಣ್ಣುಮಕ್ಕಳನ್ನು, ಬೇರೆ ಜನಾಂಗದವರನ್ನು ಕೀಳಾಗಿ ತೋರಿಸಿದ ಚಿತ್ರಗಳನ್ನು ಏನು ಮಾಡೋಣ? "ಆ ಕಾಲ ಹಾಗಿತ್ತು" ಅಂತ ಬಿಡಬೇಕಾ?

ಪ್ರತಿ ಬದಲಿಸಿದರೂ, ಟಿ.ವಿ. ಸೆಟ್ಟಿಂಗ್ ಸರಿ ಮಾಡಿದರೂ ಹೋಗದ ತಪ್ಪು ಅಂದರೆ ಇದೇ. "ಆ ಕಾಲ ಹಾಗಿತ್ತು" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆಂದರೆ ಆ ಕಾಲದಲ್ಲೂ ಬೇಡ ಅಂದವರಿದ್ದರು. 1915ರ 'ದಿ ಬರ್ತ್ ಆಫ್ ಎ ನೇಷನ್' ಚಿತ್ರ ಕು ಕ್ಲಕ್ಸ್ ಕ್ಲಾನ್ ಎಂಬ ಹಿಂಸೆಯ ಗುಂಪನ್ನು ವೀರರಂತೆ ತೋರಿಸಿತು. ಕಪ್ಪು ಜನರ ಸಂಘಟನೆಗಳು ಬಿಡುಗಡೆಯ ವರ್ಷವೇ ಬೀದಿಗಿಳಿದು ವಿರೋಧಿಸಿದವು. ಆ ಗುಂಪು ಅದೇ ವರ್ಷ ಮತ್ತೆ ತಲೆ ಎತ್ತಿತು. ಅದಕ್ಕೆ ಈ ಚಿತ್ರವೂ ಕುಮ್ಮಕ್ಕು ಕೊಟ್ಟಿತ್ತು. ಸಂಕಲನದ ಪಾಠಕ್ಕಾಗಿ ಅದನ್ನು ಇಂದಿಗೂ ಓದುತ್ತಾರೆ, ಓದಲಿ. ಕತೆಯಾಗಿ ನನಗೆ ಅದು ಬೇಡ.

1939ರ 'ಗಾನ್ ವಿತ್ ದ ವಿಂಡ್' ಹೆಚ್ಚು ಕಷ್ಟದ ಉದಾಹರಣೆ. ಚಿತ್ರ ಇಂದಿಗೂ ಹಿಡಿದು ಕೂರಿಸುತ್ತದೆ. ಆದರೆ ಗುಲಾಮಗಿರಿಯನ್ನು ಏನೋ ಮಧುರವಾದ ಹಳೇ ದಿನಗಳೆಂಬಂತೆ ತೋರಿಸುತ್ತದೆ. ಅದರಲ್ಲಿ ನಟಿಸಿದ ಹ್ಯಾಟಿ ಮೆಕ್‌ಡೇನಿಯಲ್ ಆಸ್ಕರ್ ಗೆದ್ದ ಮೊದಲ ಆಫ್ರಿಕನ್ ಅಮೆರಿಕನ್. ಆ ಸಮಾರಂಭದಲ್ಲೇ ಅವರನ್ನು ಚಿತ್ರತಂಡದಿಂದ ದೂರ ಬೇರೆ ಮೇಜಿಗೆ ಕೂರಿಸಿದ್ದರು. 2020ರಲ್ಲಿ ಒಂದು ಸ್ಟ್ರೀಮಿಂಗ್ ತಾಣ ಚಿತ್ರವನ್ನು ತೆಗೆದು, ಕೆಲವು ವಾರಗಳಲ್ಲಿ ಹಿನ್ನೆಲೆ ವಿವರಿಸುವ ಪರಿಚಯದ ಜೊತೆ ಮತ್ತೆ ಹಾಕಿತು. ಅದು ಸರಿಯಾದ ದಾರಿ ಅನ್ನಿಸುತ್ತದೆ. ಕತ್ತರಿಸಿದರೆ ಆ ತಪ್ಪು ನಡೆದೇ ಇಲ್ಲ ಅನ್ನುವ ಹಾಗಾಗುತ್ತದೆ.

ಮನೆಯಲ್ಲಿ ಮಕ್ಕಳ ಜೊತೆ ನೋಡುವಾಗ ಇಂಥ ದೃಶ್ಯ ಬಂದರೆ ನಾನು ನಿಲ್ಲಿಸಿ ಮಾತಾಡುತ್ತೇನೆ. ಹಿಂದೆ ಬಿದ್ದು ಕಾಡುವುದನ್ನೇ ಪ್ರೀತಿ ಅಂತ ತೋರಿಸುವ ದೃಶ್ಯಗಳಲ್ಲೂ ಹಾಗೇ. ಮಕ್ಕಳಿಗೆ ತಕ್ಷಣ ಅರ್ಥ ಆಗುತ್ತದೆ. ಎಷ್ಟೋ ಸಲ ನನಗಿಂತ ಮೊದಲು ಅವರೇ ಗುರುತಿಸುತ್ತಾರೆ. ನೋಡಿ ಮನಸ್ಸಿಗೆ ನೋವಾಗುವವರು ನೋಡಬೇಕಾಗಿಲ್ಲ. ಅವರಿಗೆ ಯಾರೂ ಸಮಜಾಯಿಷಿ ಕೇಳಬಾರದು.

ಚಿಕ್ಕವಯಸ್ಸಲ್ಲಿ ಪ್ರಾಣ ಬಿಡುತ್ತಿದ್ದ ಧಾರಾವಾಹಿ ಈಗ ನೋಡಿದರೆ ಸಪ್ಪೆ. ಯಾಕೆ?

ವಾರಕ್ಕೊಂದು ಕಂತು ಅಂತ ಮಾಡಿದ್ದನ್ನು ಒಂದೇ ರಾತ್ರಿ ಎಂಟು ಕಂತು ನೋಡುತ್ತಿದ್ದೀರಾ? ಹಾಗಾದರೆ ಕಾರಣ ಅಲ್ಲೇ ಇರಬಹುದು. ಆಗ ಹಿಂದಕ್ಕೆ ಓಡಿಸಿ ನೋಡುವಂತಿರಲಿಲ್ಲ. ಹೋದ ವಾರ ತಪ್ಪಿಸಿಕೊಂಡವರಿಗೂ ಅರ್ಥವಾಗಲಿ ಅಂತ ಹೇಳಿದ್ದನ್ನೇ ಹೇಳುತ್ತಿದ್ದರು. ಸಾಲಾಗಿ ನೋಡಿದರೆ ಆ ಪುನರಾವರ್ತನೆ ಎದ್ದು ಕಾಣುತ್ತದೆ. ದಿನಕ್ಕೊಂದು ಕಂತು ನೋಡಿ, ಬೇರೆಯೇ ಅನುಭವ. ಕೆಲವು ಸಲ ಧಾರಾವಾಹಿಯೇ ಸಪ್ಪೆ ಇರುತ್ತದೆ, ಅದೂ ಸರಿ. ಆಗ ಜೊತೆಗೆ ಕೂತಿದ್ದವರು, ಆ ಹೊತ್ತು, ಆ ಕಾಯುವಿಕೆ ಎಲ್ಲ ಸೇರಿ ಅದು ಸಿಹಿಯಾಗಿತ್ತು.

ಆಗ ಸೋತ ಚಿತ್ರ ಈಗ ಹೇಗೆ ಶ್ರೇಷ್ಠ ಆಗುತ್ತದೆ? ಪಟ್ಟಿಗಳನ್ನು ನಂಬಬೇಕಾ?

1946ರ 'ಇಟ್ಸ್ ಎ ವಂಡರ್‌ಫುಲ್ ಲೈಫ್' ಮೊದಲು ನಷ್ಟದಲ್ಲಿತ್ತು. 1974ರಲ್ಲಿ ಅದರ ಹಕ್ಕನ್ನು ನವೀಕರಿಸುವುದು ತಪ್ಪಿಹೋಯಿತು. ಹಕ್ಕಿಗೆ ದುಡ್ಡು ಕೊಡಬೇಕಿಲ್ಲ ಅಂತ ಟಿ.ವಿ. ಚಾನೆಲ್‌ಗಳು ವರ್ಷ ವರ್ಷ ಹಾಕತೊಡಗಿದವು. ಹಾಗೆ ಜನರ ಮನೆಯ ಚಿತ್ರವಾಯಿತು. ಕಣ್ಣಿಗೆ ಬೀಳುವುದೂ ಅದೃಷ್ಟವೇ.

ಪಟ್ಟಿಗಳೂ ಬದಲಾಗುತ್ತವೆ. 'ಸೈಟ್ ಅಂಡ್ ಸೌಂಡ್' ಎಂಬ ಬ್ರಿಟನ್ನಿನ ಸಿನಿಮಾ ಪತ್ರಿಕೆ, ಎಲ್ಲ ಕಾಲಕ್ಕೂ ಶ್ರೇಷ್ಠ ಚಿತ್ರ ಯಾವುದು ಅಂತ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ಕೇಳುತ್ತದೆ. 1952ರಲ್ಲಿ 'ಬೈಸಿಕಲ್ ಥೀವ್ಸ್' ಮೊದಲು. 1962ರಿಂದ 2002ರವರೆಗೆ 'ಸಿಟಿಜನ್ ಕೇನ್'. 2012ರಲ್ಲಿ 'ವರ್ಟಿಗೊ'. 2022ರಲ್ಲಿ ಷಾಂಟಾಲ್ ಅಕರ್ಮನ್ ಅವರ 'ಜೀನ್ ಡೀಲ್ಮನ್'. ಚಿತ್ರಗಳು ಅವೇ, ನೋಡುವವರು ಬೇರೆ. ನಿಮಗೆ 'ಸಿಟಿಜನ್ ಕೇನ್' ಹಿಡಿಸದಿದ್ದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಸರಿ, ಎಲ್ಲಿಂದ ಶುರು ಮಾಡಲಿ?

ಮೊದಲು '12 ಆಂಗ್ರಿ ಮೆನ್'. ಆಮೇಲೆ 'ದಿ ಜನರಲ್', ಅದನ್ನು ಚಿಕ್ಕ ಮಕ್ಕಳ ಜೊತೆ ನೋಡಿದರೆ ಇನ್ನೂ ಚೆನ್ನ. ಟಿ.ವಿ.ಯಲ್ಲಿ ಆದರೆ ಒಂದೊಂದು ಕಂತಿಗೂ ಒಂದೊಂದು ಕತೆ ಇರುವುದನ್ನು ಆರಿಸಿ. ಶಂಕರ್ ನಾಗ್ ನಿರ್ದೇಶಿಸಿದ 'ಮಾಲ್ಗುಡಿ ಡೇಸ್' (1986) ಇದೆ, 'ದಿ ಟ್ವೈಲೈಟ್ ಜೋನ್' (1959–64) ಇದೆ. ಗಟ್ಟಿ ಮನಸ್ಸಿನವರಿಗೆ ಪೋಲೆಂಡಿನ ಹತ್ತು ಕಂತುಗಳ 'ಡೆಕಲಾಗ್' ಇದೆ. 'ಜೀನ್ ಡೀಲ್ಮನ್' 201 ನಿಮಿಷ, ಅದರಿಂದ ಮಾತ್ರ ಶುರು ಮಾಡಬೇಡಿ.

ಡಬ್ಬಿಂಗ್ ಬೇಡ, ಸಬ್‌ಟೈಟಲ್ ಇಟ್ಟುಕೊಳ್ಳಿ. ದೀಪ ಆರಿಸಿ. ಫೋನು ಇನ್ನೊಂದು ಕೋಣೆಯಲ್ಲಿರಲಿ.

ಅರ್ಧಕ್ಕೆ ಬಿಟ್ಟರೆ ತಪ್ಪಾ?

ತಪ್ಪಲ್ಲ. ನಲವತ್ತು ನಿಮಿಷ ನಿಜವಾಗಿ ನೋಡಿದ ಮೇಲೂ ಒಳಗೆ ಏನೂ ಮಿಡಿಯದಿದ್ದರೆ ಬಿಟ್ಟುಬಿಡಿ. ಚಿತ್ರದ ಹೆಸರನ್ನು ಮಾತ್ರ ಎಲ್ಲಾದರೂ ಬರೆದಿಟ್ಟುಕೊಳ್ಳಿ. ನಾನು ಇಪ್ಪತ್ತರ ವಯಸ್ಸಲ್ಲಿ ಬಿಟ್ಟಿದ್ದ ಎರಡು ಮೂರು ಚಿತ್ರಗಳನ್ನು ನಲವತ್ತು ದಾಟಿದ ಮೇಲೆ ಮತ್ತೆ ಹಾಕಿದೆ. ಒಂದು ಆಗಲೂ ಹಿಡಿಸಲಿಲ್ಲ. ಇನ್ನೊಂದು ಮುಗಿದ ಮೇಲೆ, ಬಹಳ ಹೊತ್ತು ದೀಪ ಹಾಕಲೂ ಏಳದೆ ಕೂತಿದ್ದೆ.